ಬೆಲ್ಲ ಕಂಡರೆ ಕೆಲಸ ಬಿಡುವ ಬೂಷ್ಟು

ನಗುವಂಥ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ. ಅವೇ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಇಳಿದು, ದಾರಿ ಕೇಳಿಕೊಂಡು, ನೆಟ್ಟಗೆ ನಮ್ಮ ಮನೆಗೆ ಬರುತ್ತವೆ. ಹೋದ ವರ್ಷ ಹಾಗೆ ಇಳಿದು ಬಂದದ್ದು ಬೂಷ್ಟು. ಹಳಸಿದ ರೊಟ್ಟಿಯ ಮೇಲೆ ಬರುತ್ತದಲ್ಲ, ಅದೇ. ಬರುವಾಗ ತನ್ನ ಜೊತೆಗೆ ಒಬ್ಬ ಮಾಸ್ತರನ್ನೂ ಕರೆದುಕೊಂಡು ಬಂತು.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಹಾಗೇ ಎದ್ದು ಬಂದವನು. ಆದ್ದರಿಂದ ಇದರಲ್ಲಿ ಶಾಸ್ತ್ರದ ಮಾತು ಎಲ್ಲಾದರೂ ಸರಿಯಾಗಿದ್ದರೆ ಅದು ಮಾಸ್ತರದು. ತಪ್ಪಿದ್ದರೂ ಅವರದೇ. ನನಗೆ ಹೇಳಿಕೊಟ್ಟವರು ಅವರಲ್ಲವೆ?

೧. ಊರಿನ ಬೂಷ್ಟೆಲ್ಲ ನಮ್ಮ ಅಂಗಳಕ್ಕೆ

ಮಾಸ್ತರು ಅಂದರೆ ಸಾಲಿ ಮಾಸ್ತರಲ್ಲ. ಧಾರವಾಡದಲ್ಲಿ ದೊಡ್ಡ ಓದು ಓದುತ್ತಿದ್ದ ಹುಡುಗ. ಕನ್ನಡಕ, ಕಡ್ಡಿಯಂಥ ಕೈಕಾಲು, ನಗೆಚಾಷ್ಟಿ ಅಂದರೆ ಏನಂತಲೇ ಗೊತ್ತಿಲ್ಲದ ಮುಖ. ನಮ್ಮ ಹಿತ್ತಲಲ್ಲಿ ಹತ್ತಿ ತುಂಬುತ್ತಿದ್ದ ಕೋಲಿಯನ್ನು ಬಾಡಿಗೆಗೆ ಹಿಡಿದರು. ಆ ವರ್ಷ ಹೈಬ್ರಿಡ್ ಜೋಳ ಬಿತ್ತಿದವರ ತೆನೆಯೆಲ್ಲ ಕೊಯ್ಯುವ ಹೊತ್ತಿಗೆ ಮಳೆ ಹಿಡಿದು ಕಪ್ಪಾಗಿತ್ತು. ರೊಟ್ಟಿಗೆ ಬಾರದ ಆ ಕರಿ ಜೋಳವನ್ನು ಬೂಷ್ಟಿನಿಂದ ಕರಗಿಸಿ ಸಿಹಿ ಪಾಕ ಮಾಡಬಹುದು ಅಂತ ಅವರ ವಿಚಾರ.

ಬೇಸಿಗೆಗೆ ಮುಂಚೆ ಅವರ ದೊಡ್ಡ ಸಾಹೇಬರು ಬಂದು ಪರೀಕ್ಷೆ ಮಾಡುವವರಿದ್ದರು. ಬೂಷ್ಟು ಜೋಳ ಕರಗಿಸಿದರೆ ಮಾಸ್ತರು ಮುಂದೆ ಓದಬಹುದು. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಅವರ ಸೋದರಮಾವ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಇವರಿಗಾಗಿ ತಕ್ಕಡಿ ಇಟ್ಟುಕೊಂಡು ಕಾಯುತ್ತಿದ್ದ. “ಒಂದ ಬೂಷ್ಟು ದುಡೀಬೇಕು, ಇಲ್ಲಾ ನಾ ಮೊಳಿ ತೂಗಬೇಕು” ಎಂದು ದಿನಕ್ಕೊಮ್ಮೆಯಾದರೂ ಹೇಳಿ ಉಸಿರು ಬಿಡುತ್ತಿದ್ದರು.

ಬಂದ ಮರುದಿನವೇ, ನಾಕಾರು ತರದ ಬೂಷ್ಟು ಬೇಕಾಗಿತ್ತು, ಎಲ್ಲಿ ಸಿಕ್ಕೀತು ಅಂತ ನನ್ನನ್ನು ಕೇಳಿದರು. ನಾನು ನೀರಿಗೆ ಬರುವ ಹೆಂಗಸರ ಹತ್ತಿರ ಹೋಗಿ, ಬೂಷ್ಟು ತಂದುಕೊಟ್ಟವರ ಹೆಸರು ರೇಡಿಯೋದಲ್ಲಿ ಬರುತ್ತದಂತೆ ಅಂದೆ. ಅಷ್ಟೇ ಅಂದದ್ದು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸಾಲು. ರೊಟ್ಟಿ ತಂದರು, ಕುಂಬಳಕಾಯಿ ತಂದರು, ಮಳೆಗಾಲದಿಂದ ಮೂಲೆಗೆ ಬಿದ್ದಿದ್ದ ಚಪ್ಪಲಿ ತಂದರು. ಒಬ್ಬಾತ ತನ್ನ ಮದುವೆಯ ಕೋಟನ್ನೇ ತಂದಿದ್ದ. ಮಾಸ್ತರು ಪಾಪ, ಊರಿನ ಜನರ ವಿದ್ಯಾಪ್ರೇಮ ಕಂಡು ಕಣ್ಣಲ್ಲಿ ನೀರು ತಂದುಕೊಂಡರು.

ಸಾಲಿನ ಕೊನೆಗಿದ್ದ ಮುದುಕಿ ಒಂದು ಭರಣಿ ಮಾವಿನ ಉಪ್ಪಿನಕಾಯಿ ಕೊಟ್ಟಳು. ಮೇಲೆ ಬಿಳಿ ಬೂಷ್ಟು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ಮಾಸ್ತರು ಅದರಿಂದ ಒಂದು ಚಿಟಿಕೆ ಎತ್ತಿಕೊಂಡು, ಭರಣಿಯನ್ನು ಮೂಲೆಗೆ ಸರಿಸಿ, ಉಪಕಾರವಾಯಿತು ಅಂದರು. ಮುದುಕಿ ಕದಲಲಿಲ್ಲ. ಮತ್ತೇನು ಅಂತ ಕೇಳಿದರೆ, “ಮ್ಯಾಲಿಂದು ಪೂರಾ ತಗೋ ಯಪ್ಪಾ, ತಳದಾಗಿಂದು ಕೊಡು. ಮಧ್ಯಾಹ್ನ ಊಟಕ್ಕ ಬೇಕು” ಅಂದಳು.

೨. ಬೋಳುತಲೆಯ ಬಿತ್ತನೆ

ಬೂಷ್ಟಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ಹಾಗಾದರೆ ಉಣ್ಣುವುದು ಹೇಗೆ ಅಂತ ಒಂದು ದಿನ ಕೇಳಿದೆ. ಮಾಸ್ತರಿಗೆ ಆದ ಸಂತೋಷ ನೋಡಬೇಕಿತ್ತು. ಕೈಯಲ್ಲಿದ್ದ ಪರಾತ, ಅಂದರೆ ಅಗಲ ತಟ್ಟೆ, ಕೆಳಗಿಟ್ಟು ಪಾಠಕ್ಕೆ ಕೂತರು.

ಬೂಷ್ಟಿನ ಒಂದೊಂದು ಕೋಶವೂ ಒಂದೊಂದು ಖಾನಾವಳಿ ಇದ್ದಂತೆ. ಒಳಗೊಂದು ಅಡಿಗೆಯ ಪುಸ್ತಕ. ಯಾವ ರಸ ಹೇಗೆ ಮಾಡಬೇಕು ಅಂತ ಒಂದೊಂದು ಪುಟದಲ್ಲಿ ಬರೆದಿದೆ. ಪುಟಕ್ಕೆ ವಂಶವಾಹಿ ಅನ್ನಬೇಕು, ರಸಕ್ಕೆ ಕಿಣ್ವ ಅನ್ನಬೇಕು. ಬೂಷ್ಟು ಆ ರಸವನ್ನು ಹೊರಗೆ ಬಿಟ್ಟು, ಹಿಟ್ಟನ್ನು ಹೊರಗೇ ಕತ್ತರಿಸಿ ಸಕ್ಕರೆ ಮಾಡಿ, ಆಮೇಲೆ ಒಳಗೆ ಎಳೆದುಕೊಳ್ಳುತ್ತದೆ. ಆದರೆ ಎಲ್ಲ ಪುಟವನ್ನೂ ಸದಾ ತೆರೆದಿಡುವ ದುಂದುಗಾರ ಅಲ್ಲ ಅದು. ಪುಟದ ಮೇಲೆ ಕಾವಲುಗಾರ ಕೂತಿರುತ್ತಾನೆ. ಮೊದಲು ಒಂದು ತೊಟ್ಟು ರಸ ಹೊರಗೆ ಕಳಿಸಿ ನೋಡುತ್ತದೆ, ಸಂತೆಯಲ್ಲಿ ಏನು ಬಂದಿದೆ ನೋಡಿ ಬಾ ಅಂತ ಹುಡುಗನನ್ನು ಕಳಿಸಿದ ಹಾಗೆ. ಆ ತೊಟ್ಟು ಹಿಟ್ಟಿನ ತುಣುಕು ಕಡಿದು ತಂದರೆ ಕಾವಲುಗಾರ ಏಳುತ್ತಾನೆ, ಪುಟ ತೆರೆಯುತ್ತದೆ, ಒಲೆ ಹೊತ್ತುತ್ತದೆ. ಏನೂ ಸಿಗದಿದ್ದರೆ ಪುಸ್ತಕ ಮುಚ್ಚಿಯೇ ಇರುತ್ತದೆ.

ಇಷ್ಟು ಜ್ಞಾನ ಕೈಗೆ ಬಂದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ನನ್ನನ್ನು ಎರಡು ಸಲ ಫೇಲು ಮಾಡಿದ ಸಾಲಿ ಗುರುಗಳ ತಲೆ ಉಜ್ಜಿಟ್ಟ ತಾಮ್ರದ ತಂಬಿಗೆ. ಅವರ ಕಿವಿಯಲ್ಲಿ, ನಮ್ಮ ಮನೆಯ ಮಾಸ್ತರು ಕರಿ ಬೂಷ್ಟು ಬೆಳೆಸುತ್ತಾರೆ, ಎಲ್ಲಿ ಹಚ್ಚಿದರೂ ಮೂರು ದಿನದಲ್ಲಿ ಕೂದಲಿನ ಹಾಗೆ ಒತ್ತಾಗಿ ಏಳುತ್ತದೆ ಅಂತ ಊದಿದೆ. ಸಂಜೆ ಗುರುಗಳು ಟೋಪಿ ಒತ್ತಿಕೊಂಡು ಹಿತ್ತಲ ಬಾಗಿಲಿನಿಂದ ಬಂದರು. ಅರ್ಧ ತಾಸು ಮಳೆ ಬೆಳೆ ಮಾತಾಡಿ, ಕೊನೆಗೆ ಟೋಪಿ ತೆಗೆದು, ಇಲ್ಲೊಂದಿಷ್ಟು ಹಚ್ಚಿ ನೋಡಬಹುದೇನು ಅಂತ ಕೇಳಿದರು.

ಮಾಸ್ತರಿಗೆ ನಗುವುದು ಗೊತ್ತಿದ್ದರಲ್ಲವೆ. ಭೂತಗನ್ನಡಿ ತಂದು ಬೆಳಕಿಗೆ ಹಿಡಿದು ತಲೆಯನ್ನೆಲ್ಲ ಶಿಸ್ತಾಗಿ ನೋಡಿದರು. ಆಮೇಲೆ ಅಗದಿ ಮರ್ಯಾದೆಯಿಂದ, “ಇದು ತಿನ್ನಾಕ ಏನರ ಇದ್ದಲ್ಲೆ ಅಷ್ಟ ಬೆಳಿತೈತ್ರಿ, ಗುರುಗಳ. ಬೇಕಾದ್ರ ಬಿಡತೀನಿ, ಆದ್ರ ನಿಮ್ಮ ತಲಿಯಾಗ ಅದಕ್ಕ ಏನೂ ಸಿಗಂಗಿಲ್ಲ” ಅಂದರು.

ಮೂರನೆಯ ಸಲ ಮುಲ್ಕಿಗೆ ಕೂಡುವ ವಿಚಾರವನ್ನು ನಾನು ಅಂದೇ ಬಿಟ್ಟೆ.

೩. ನನ್ನ ಉಗುಳಿನ ಕೀರ್ತಿ

ಬೂಷ್ಟು ಕೆಲಸ ಮಾಡಿತೋ ಇಲ್ಲವೋ ನೋಡುವ ರೀತಿ ಸುಲಭ. ಜೋಳದ ಹಿಟ್ಟಿನ ತೆಳು ಗಂಜಿಗೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಟ್ಟರೆ ಕಡುನೀಲಿ ಆಗುತ್ತದೆ. ರಸವು ಹಿಟ್ಟನ್ನು ಕತ್ತರಿಸಿದ್ದರೆ ನೀಲಿ ಬರುವುದಿಲ್ಲ, ಔಷಧದ ಕಂದು ಬಣ್ಣವೇ ಉಳಿಯುತ್ತದೆ. ನೀಲಿ ಅಂದರೆ ಮೊಳೆ ತೂಗುವುದು, ಕಂದು ಅಂದರೆ ಮುಂದೆ ಓದುವುದು: ಇಷ್ಟು ನಮ್ಮ ಮನೆಯವರಿಗೆಲ್ಲ ಬಾಯಿಪಾಠ ಆಗಿತ್ತು.

ಎರಡು ಗಾಜಿನ ನಳಿಗೆ. ಒಂದಕ್ಕೆ ಗಂಜಿ ಮತ್ತು ಬೂಷ್ಟಿನ ರಸ. ಇನ್ನೊಂದಕ್ಕೆ ಬರೇ ಗಂಜಿ, ಹೋಲಿಸಿ ನೋಡಲಿಕ್ಕೆ. ಗಂಜಿ ಅಳೆದು ಹಾಕುವ ಕೆಲಸ ನನ್ನದು. ಸಣ್ಣ ಗಾಜಿನ ಕೊಳವೆಯನ್ನು ಬಾಯಲ್ಲಿಟ್ಟು ಎಳೆದು, ಗಂಜಿ ಗೆರೆಯ ಮಟ ಬಂದ ಮೇಲೆ ನಳಿಗೆಗೆ ಬಿಡಬೇಕು.

ಒಂದು ದಿನ ಎರಡೂ ನಳಿಗೆ ಕಂದಾಗಿಯೇ ಉಳಿದವು. ಬೂಷ್ಟು ಇಲ್ಲದ ಗಂಜಿಯೂ ತಾನಾಗಿ ಕರಗಿಬಿಟ್ಟಿದೆ. ಇದನ್ನು ದೊಡ್ಡ ಸಾಹೇಬರು ಕಂಡರೆ ಬೂಷ್ಟಿನ ಕೆಲಸವೇ ಸುಳ್ಳು ಅಂದಾರು. ಮಾಸ್ತರು ನಳಿಗೆ ಕುದಿಸಿದರು, ಹೊಸ ಹಿಟ್ಟು ಬೀಸಿಸಿದರು, ಬೇರೆ ಬಾವಿಯ ನೀರು ತರಿಸಿದರು. ಮತ್ತೆ ಎರಡೂ ಕಂದು. ನಾಕು ದಿನ ಸರಿಯಾಗಿ ಊಟ ಮಾಡಲಿಲ್ಲ.

ಐದನೆಯ ದಿನ ನಾನು ಗಂಜಿ ಅಳೆಯುವಾಗ ಹಿಂದೆ ಬಂದು ನಿಂತರು. ನಾನು ಕೊಳವೆಯಿಂದ ಗಂಜಿಯೊಳಗೆ ಊದಿ ಬುರುಬುರು ಗುಳ್ಳೆ ಎಬ್ಬಿಸುತ್ತಿದ್ದೆ. ನಾಕೈದು ದಿನದಿಂದ ದಿನಾಲೂ ಎಬ್ಬಿಸುತ್ತಿದ್ದೆ, ಛಂದ ಸಪ್ಪಳ ಬರುತ್ತದೆ. ಮಾಸ್ತರು ಬೈಯಲಿಲ್ಲ. ಹೊಸ ನಳಿಗೆ ಕೊಟ್ಟು, ಇದರೊಳಗೆ ಉಗುಳು ಅಂದರು. ಅದಕ್ಕೆ ಗಂಜಿ ಸೇರಿಸಿ, ಒಂದು ಬಶಿ ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಅಯೋಡಿನ್ ಹನಿ ಬಿಟ್ಟರು. ನೀಲಿ ಸುಳಿಯಲೇ ಇಲ್ಲ. ಹಿಟ್ಟನ್ನು ಕತ್ತರಿಸುವಂಥದೇ ರಸ ಮನುಷ್ಯರ ಜೊಲ್ಲಿನಲ್ಲೂ ಇದೆ, ರೊಟ್ಟಿಯ ತುಣುಕನ್ನು ಭಾಳ ಹೊತ್ತು ಅಗಿದರೆ ಸಿಹಿ ಆಗುವುದು ಅದಕ್ಕೇ, ಇವನದಂತೂ ಬೂಷ್ಟಿಗಿಂತ ಚುರುಕು ಅಂತ ಅಪ್ಪನಿಗೆ ವಿವರಿಸಿ ಹೇಳಿದರು. ಹುಟ್ಟಿದಾಗಿನಿಂದ ನನ್ನ ಬಗ್ಗೆ ಅಪ್ಪ ಕೇಳಿದ ಮೊದಲ ಒಳ್ಳೆಯ ಮಾತು ಅದು.

ಅಪ್ಪ ನನ್ನ ಕಡೆ ಬೆರಳು ಮಾಡಿ, “ಮತ್ತ ಬೂಷ್ಟು ಯಾತಕ್ಕರಿ ಮಾಸ್ತರ? ಇವನ್ನ ಕುಂದರಸ್ರಿ. ಹೆಂಗೂ ದಿನಾ ಕಟ್ಟಿ ಮ್ಯಾಲ ಕುಂತು ಅದನ್ನ ಮಾಡತಾನ” ಅಂದ.

೪. ಆಯಿಯ ಜೀವದಯೆ

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮನೆಯ ಯಜಮಾನಿ. ಅವಳ ಕಟ್ಟಳೆ ಒಂದೇ: ಈ ಮನೆಯ ತೊಲೆಯ ಕೆಳಗೆ ಯಾವ ಜೀವವೂ ಹಸಿದು ಇರಬಾರದು. ಮೊದಲ ರೊಟ್ಟಿ ಆಕಳಿಗೆ, ಎರಡನೆಯದು ನಾಯಿಗೆ, ಇರುವೆಗೆ ಹಿಟ್ಟು, ಗುಬ್ಬಿಗೆ ನುಚ್ಚು. ಆಮೇಲೆ ನಾವು.

ಆಗ ಮಾಸ್ತರು ಒಂದು ಕರಿ ಬೂಷ್ಟನ್ನು ಆರಿಸಿ, ಪರಾತಗಳಲ್ಲಿ ಗೋಧಿ ತೌಡು ಹರವಿ, ಅದರ ಮೇಲೆ ಬೆಳೆಸುತ್ತಿದ್ದರು. ಒಂದು ವಾರ ಬೂಷ್ಟು ಏನು ಬೆಳೆಯಿತು ಅಂತೀರಿ. ಪರಾತದ ಅಂಚು ದಾಟಿ ಉಣ್ಣೆಯ ಹಾಗೆ ಉಬ್ಬಿ ನಿಂತಿತು. ಮಾಸ್ತರು ಹೋಗಿ ಬರುವವರನ್ನೆಲ್ಲ ಕರೆದು ಮಗನನ್ನು ತೋರಿಸುವ ಹಾಗೆ ತೋರಿಸಿದರು. ಆಮೇಲೆ ರಸ ತೆಗೆದು ಗಂಜಿಗೆ ಹಾಕಿ ಅಯೋಡಿನ್ ಬಿಟ್ಟರು. ನೀಲಿ. ಇಳಕಲ್ ಸೀರೆಯಂಥ ನೀಲಿ.

ಮರುದಿನ ನೀಲಿ. ಅದರ ಮರುದಿನವೂ ನೀಲಿ. ಮೈ ಬೆಳೆಸುತ್ತದೆ, ಕೆಲಸ ಮಾತ್ರ ಒಂದು ಚೂರೂ ಮಾಡುವುದಿಲ್ಲ. ದೊಡ್ಡ ಸಾಹೇಬರು ಬರಲು ಹದಿನೈದು ದಿನವೂ ಇರಲಿಲ್ಲ. ಮಾಸ್ತರು ಕೂತಲ್ಲೇ ಗಾಳಿಯಲ್ಲಿ ಮೊಳೆ ತೂಗುವ ಹಾಗೆ ಕೈ ಆಡಿಸತೊಡಗಿದರು. ಮನೆಯಲ್ಲಿ ಏನೇ ಕೆಟ್ಟರೂ ಮೊದಲು ನನ್ನ ಕಡೆ ನೋಡುವುದು ರೂಢಿ. ನಾನಲ್ಲ ಅಂದೆ. ಖರೇನೇ ನಾನಲ್ಲ. ಆದರೆ ನನ್ನ ಬಾಯಿಂದ ಬಂದ ಖರೆ ಮಾತನ್ನು ನಂಬಿ ಯಾರಿಗೂ ಅಭ್ಯಾಸವಿರಲಿಲ್ಲ.

ಮಾನ ಉಳಿಸಿಕೊಳ್ಳಲು ನಾನೇ ಕಾವಲು ಕೂತೆ. ಬೆಳಿಗ್ಗೆ ಪೂಜೆ ಮುಗಿಸಿ ಆಯಿ ಬಂದಳು. ಕೈಯಲ್ಲಿ ತಾಮ್ರದ ಗಿಂಡಿ, ಒಂದು ಚಮಚ. ಪ್ರತಿ ಪರಾತದ ಮುಂದೆ ನಿಂತು, “ಉಣ್ಣವಾ, ಉಣ್ಣು” ಅನ್ನುತ್ತ ಒಂದೊಂದು ಚಮಚ ಹಾಕುತ್ತ ಹೊರಟಳು. ನಾನು ಮಾಸ್ತರನ್ನು ಎಳೆದು ತಂದೆ.

“ಆಯಿ, ಏನ್ ಹಾಕಾಕತ್ತೀರಿ?” ಅಂದರು ಮಾಸ್ತರು.

“ಏನ್ ಹಾಕಲೆಪಾ, ಒಂದ ಹನಿ ಬೆಲ್ಲದ ನೀರು. ಅದಕ್ಕ ಜೀವ ಐತಂತ ನೀನ ಹೇಳ್ದಿ. ಜೀವ ಐತಂದಮ್ಯಾಲ ಬರೇ ತೌಡು ಹಾಕಿದ್ರ ಹೆಂಗ? ದನಕ್ಕೂ ಮ್ಯಾಲ ಒಂದೀಟು ಹಿಂಡಿ ಇಡತೀವಿ.”

ಮಾಸ್ತರು ಅವಳ ಕೈಯಿಂದ ಚಮಚ ತೆಗೆದಿಟ್ಟರು. ಆಯಿಗೆ ಬೈಯುವ ಹಾಗಿಲ್ಲ. ನಿಧಾನವಾಗಿ ತಿಳಿಸಿ ಹೇಳಿದರು. ಮಠದಿಂದ ದಿನಾಲೂ ಪ್ರಸಾದ ಬಂದರೆ ಮನೆಯಲ್ಲಿ ಯಾರು ಒಲೆ ಹೊತ್ತಿಸುತ್ತಾರೆ? ಬೂಷ್ಟಿನದೂ ಅದೇ ಲೆಕ್ಕ. ಹಿಟ್ಟನ್ನು ಕತ್ತರಿಸಿ ಸಕ್ಕರೆ ಮಾಡಿಕೊಳ್ಳಲಿಕ್ಕೆ ಅದು ರಸ ಮಾಡುವುದು. ಬೆಲ್ಲ ಎದುರಿಗೇ ಬಂದು ಬಿದ್ದರೆ ಆ ಪುಟ ಮುಚ್ಚಿಬಿಡುತ್ತದೆ, ಎಷ್ಟು ಜೋಳ ಎದುರಿಗಿದ್ದರೂ ಮುಟ್ಟುವುದಿಲ್ಲ. ಇದ್ದ ಬೆಲ್ಲ ತೀರಿ ಇನ್ನೇನು ಪುಟ ತೆರೆಯಬೇಕು ಅನ್ನುವಷ್ಟರಲ್ಲಿ ಮರುದಿನದ ಚಮಚ ಬಂದಿರುತ್ತದೆ. “ಬೆಲ್ಲಾ ಒಳಗ ಹೋತಂದ್ರ ಕೆಲಸಾ ನಿಂತಂಗರಿ, ಆಯಿ” ಅಂದರು.

ಆಯಿ ಗಿಂಡಿ ಹಿಡಿದುಕೊಂಡು ಬೂಷ್ಟನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕಾಲಿನಿಂದ ತಲೆಯವರೆಗೆ ನೋಡಿದಳು. “ಹಂಗಾರ ಇವನ್ನ ಕೆಡಿಸಿದಾಕಿ ನಾನ” ಅಂದಳು.

ಅಂದು ಮಧ್ಯಾಹ್ನದಿಂದ ಬೂಷ್ಟಿಗೆ ಬೆಲ್ಲ ಬಂದ್ ಆಯಿತು, ನನ್ನ ರೊಟ್ಟಿಗೆ ಬೆಣ್ಣೆ ಬಂದ್ ಆಯಿತು. ಮೂರನೆಯ ದಿನ ಬೂಷ್ಟು ಕೆಲಸಕ್ಕೆ ಹತ್ತಿತು. ನಾನು ಇನ್ನೂ ಹತ್ತಿಲ್ಲ.

೫. ಅಪ್ಪ ಮತ್ತು ನೇರಳೆ ದೀಪ

ಇದು ಸಣ್ಣ ಸಂಗತಿ. ಮಾಸ್ತರ ಹತ್ತಿರ ನೇರಳೆ ಬೆಳಕಿನ ಒಂದು ದೀಪ ಇತ್ತು. ಕರೆಂಟು ಇದ್ದಾಗ ಅದರ ಕೆಳಗೆ ಬೂಷ್ಟಿನ ಬೀಜ ಇಟ್ಟು ಬಾಗಿಲು ಹಾಕುತ್ತಿದ್ದರು. ಯಾಕೆ ಅಂತ ಅಪ್ಪ ಕೇಳಿದ. ಆ ಬೆಳಕು ಅಡಿಗೆ ಪುಸ್ತಕದ ಅಕ್ಷರಗಳನ್ನು ಅಲ್ಲಲ್ಲಿ ಅಳಿಸುತ್ತದೆ ಅಂದರು ಮಾಸ್ತರು. ಎಲ್ಲೋ ಒಂದು ಬೀಜದಲ್ಲಿ, ಬೆಲ್ಲ ಬಂದರೆ ಒಲೆ ಆರಿಸು ಅಂತ ಇರುವ ಸಾಲೇ ಅಳಿಸಿಹೋದರೆ, ಆ ಬೂಷ್ಟು ಹೊಟ್ಟೆ ತುಂಬಿದ್ದರೂ ದುಡಿಯುತ್ತಲೇ ಇರುತ್ತದೆ. ಅಂಥಾದ್ದು ಸಿಕ್ಕರೆ ನಮ್ಮ ಬಾಳು ಬಂಗಾರ ಅಂದರು.

ಅಪ್ಪನ ಮುಖ ಅರಳಿತು. ನನ್ನ ರಟ್ಟೆ ಹಿಡಿದು ಮುಂದೆ ತಂದು, ಇವನನ್ನೂ ಒಂದು ತಾಸು ಆ ದೀಪದ ಕೆಳಗೆ ಕೂಡಿಸಲಿಕ್ಕೆ ಆಗುತ್ತದೇನು ಅಂತ ಕೇಳಿದ. ಮಾಸ್ತರಿಗೆ ಗಾಬರಿ. ಅದರೊಳಗೆ ಇಟ್ಟದ್ದರಲ್ಲಿ ಸಾವಿರಕ್ಕೆ ಒಂದು ಉಳಿದರೆ ಹೆಚ್ಚು, ಬಾಕಿ ಎಲ್ಲ ಸಾಯುತ್ತವೆ ಅಂದರು.

ಅಪ್ಪ ತಕ್ಷಣ ಕೈ ಬಿಡಲಿಲ್ಲ. ವಿಚಾರ ಮಾಡಿ, “ನಮ್ಮಾಂವ ಭಾಳ ಗಟ್ಟಿ ಅದಾನರಿ. ನೋಡೂಣಲ್ಲ” ಅಂದ.

೬. ಬಂದವರಿಗೆ ಊಟ ತಡವಾದ ದಿನ

ದೊಡ್ಡ ಸಾಹೇಬರು ಮುಂಜಾನೆಯ ಗಾಡಿಗೆ ಬಂದರು. ಹೆಸರಿಗೆ ತಕ್ಕ ಹಾಗೆ ದೊಡ್ಡವರೇ. ನಮ್ಮ ಬಾಗಿಲಲ್ಲಿ ಸ್ವಲ್ಪ ಅಡ್ಡ ತಿರುಗಿ ಒಳಗೆ ಬಂದರು. ಹೋದಲ್ಲೆಲ್ಲ ನೂರು ಪ್ರಶ್ನೆ ಕೇಳುತ್ತಾರೆ, ಒಂದಕ್ಕೆ ತಪ್ಪಿದರೂ ಕೆಲಸ ಮುಚ್ಚಿಸುತ್ತಾರೆ ಅಂತ ಅವರ ಖ್ಯಾತಿ. ಮಾಸ್ತರು ನೀರಿನ ತಂಬಿಗೆ ಕೊಡುವಾಗ ಅರ್ಧ ನೆಲಕ್ಕೇ ಚೆಲ್ಲಿದರು.

ಹಿಂದಿನ ವಾರವೆಲ್ಲ ಕೋಲಿಯ ಕೀಲಿ ಆಯಿಯ ಸೊಂಟದಲ್ಲಿತ್ತು. ಸಿಹಿ ಹಿಡಿದವರನ್ನು ಅವಳು ಹಿತ್ತಲಿಗೇ ಬಿಡಲಿಲ್ಲ. ಬೂಷ್ಟು ಕೆಲಸ ಮಾಡುತ್ತಿತ್ತು. ಆದರೆ ಮಾಸ್ತರಿಗೆ ಬೇರೆ ಚಿಂತೆ. ಪ್ರಶ್ನೆ ಕೇಳಿದಾಗ ತಮ್ಮ ಬಾಯಿ ಒಣಗುತ್ತದೆ, ಬೂಷ್ಟು ಪಾಸಾದರೂ ತಾವು ಫೇಲು ಅಂತ ಆಯಿಯ ಮುಂದೆ ಹೇಳಿಕೊಂಡಿದ್ದರು.

ನಮ್ಮ ಕಡೆ ಬಂದವರಿಗೆ ಮೊದಲು ಕೈಕಾಲಿಗೆ ನೀರು, ಆಮೇಲೆ ಎಲೆ. ಕೆಲಸದ ಮಾತು ಊಟ ಆದ ಮೇಲೆ. ಆಯಿ ನಸುಕಿನಿಂದ ಹೂರಣ ರುಬ್ಬಿ ಹೋಳಿಗೆ ಮಾಡಿದ್ದಳು. ಕಟ್ಟಿನ ಸಾರಿನ ಒಗ್ಗರಣೆ ಓಣಿಯ ತುದಿಯವರೆಗೆ ಹೋಗಿತ್ತು. ಸಾಹೇಬರು ಕೈ ತೊಳೆದು, ಮೂಗು ಅಡಿಗೆ ಮನೆಯ ಕಡೆಗೆ ತಿರುಗಿಸಿ, “ಆಯಿ, ವಾಸನಿ ಭಾಳ ಛಲೋ ಬರಾಕತ್ತೈತಿ” ಅಂದರು.

“ಬರಲಿ ಬಿಡ್ರಿ” ಅಂದಳು ಆಯಿ. ಅಡಿಗೆ ಮನೆಯ ಹೊಸ್ತಿಲಿನ ಮೇಲೆ ಅಡ್ಡ ಕೂತಿದ್ದಳು. “ಮೊದಲ ನಿಮ್ಮ ಪರೀಕ್ಷಾ ಮುಗಸ್ರಿ.”

ಅಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಕಿವಿಯ ಹತ್ತಿರ ಬಗ್ಗಿ, ಯವ್ವಾ, ಮನೆಗೆ ಬಂದವರನ್ನು ಹಸಿದು ಕೂಡಿಸುತ್ತೀಯಾ, ಮಂದಿ ಏನಂದಾರು, ಎಲೆ ಹಾಕು ಅಂತ ಗೋಗರೆದ. ಯಾವ ಜೀವವೂ ಹಸಿದಿರಬಾರದು ಅನ್ನುವ ಮುದುಕಿ ಕೂತಲ್ಲಿಂದ ಅಲ್ಲಾಡಲಿಲ್ಲ. “ನಿನಗ ತಿಳಿಯಂಗಿಲ್ಲ, ಸುಮ್ಮನಿರು” ಅಂದಳು.

ಸಾಹೇಬರು ಹಿತ್ತಲಿಗೆ ಹೊರಟ ವೇಗ ನೋಡಿ ನಾಯಿ ದಾರಿ ಬಿಟ್ಟಿತು. ಪರಾತ ನೋಡಿದರು. ಎರಡು ನಳಿಗೆಗೆ ಗಂಜಿ ತಾವೇ ಸುರಿದು, ಒಂದಕ್ಕೆ ಬೂಷ್ಟಿನ ರಸ ಹಾಕಿದರು. ನೂರು ಪ್ರಶ್ನೆಯಲ್ಲಿ ಎರಡೇ ಕೇಳಿದರು, ಎರಡನೆಯದಕ್ಕೆ ಮಾಸ್ತರು ಬಾಯಿ ತೆರೆಯುವುದರೊಳಗೆ ಉತ್ತರವನ್ನೂ ತಾವೇ ಹೇಳಿಕೊಂಡರು. ಹೋಳಿಗೆಗೆ ತುಪ್ಪ ಕಾಯುವ ವಾಸನೆ ಕಿಟಕಿಯಿಂದ ಬಂತು. ನಳಿಗೆಗೆ ಅಯೋಡಿನ್ ಹನಿ ಬಿಟ್ಟರು.

ಹನಿ ಕೆಳಗಿಳಿಯಿತು, ಹರಡಿತು. ಕಂದು. ಕಂದಾಗಿಯೇ ನಿಂತಿತು. ಬಾಜೂಕಿನ ಬರೇ ಗಂಜಿಯ ನಳಿಗೆ ಕಡುನೀಲಿ. ಈ ಸಲ ಗಂಜಿ ಅಳೆಯಲಿಕ್ಕೆ ನನ್ನನ್ನು ಬಿಟ್ಟಿರಲಿಲ್ಲ.

“ಮಾಡೇತಿ, ಮಾಡೇತಿ. ಮುಂದ ಓದು” ಅಂದರು ಸಾಹೇಬರು. ಮಾಸ್ತರ ಬೆನ್ನನ್ನೇ ಮೇಜು ಮಾಡಿಕೊಂಡು ಅಲ್ಲೇ ಸಹಿ ಹಾಕಿದರು. ಮಾಸ್ತರು ಬಗ್ಗಿದವರು ಭಾಳ ಹೊತ್ತು ಹಾಗೇ ಬಗ್ಗಿಕೊಂಡಿದ್ದರು. ಅಳುತ್ತಿದ್ದರು ಅಂತ ಕಾಣುತ್ತದೆ. ಸಾಹೇಬರು ಅಷ್ಟರಲ್ಲಿ ಎಲೆಯ ಮುಂದೆ ಕೂತಾಗಿತ್ತು.

ಎಷ್ಟು ಹೋಳಿಗೆ ತಿಂದರು ಅಂತ ನಾನು ಹೇಳಲಾರೆ, ಅಷ್ಟರ ಮಟ ಎಣಿಸಲಿಕ್ಕೆ ನಾನು ಕಲಿತಿಲ್ಲ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಪಡಸಾಲೆಯ ಜಮಖಾನೆಯ ಮೇಲೆ ಒರಗಿದರು. ಮಾಸ್ತರಿಗೆ ಆಗ ನೆನಪಾಯಿತು: ತೌಡು ಬೇಯಿಸಲಿಕ್ಕೆ ದೊಡ್ಡದೊಂದು ಕುಕ್ಕರ್ ಬೇಕಾಗಿತ್ತು, ಅದಕ್ಕೂ ಸಾಹೇಬರ ಸಹಿ ಬೇಕು. ಸಂತೋಷದಲ್ಲಿ ಮರೆತೇಬಿಟ್ಟಿದ್ದರು. ಕಾಗದ ಹಿಡಿದು ಓಡಿ ಹೋಗಿ ಕೇಳಿದರು. ಸಾಹೇಬರು ಕಣ್ಣು ತೆರೆಯದೆ, ಹೂಂ, ನೋಡೂಣು ತಗೋ ಅಂದರು. ಮುಂದಿನ ಮಾತು ಗೊರಕೆಯಲ್ಲಿ ಬಂತು.

ಮಾಸ್ತರು ಅಡಿಗೆ ಮನೆಯ ಬಾಗಿಲಿಗೆ ಬಂದು ಆಯಿಯ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಂತರು.

ಆಯಿ ತುಪ್ಪದ ಗಿಂಡಿ ಬಳಿಯುತ್ತಿದ್ದವಳು ತಲೆ ಎತ್ತಿ ಪಡಸಾಲೆಯ ಕಡೆ ಒಮ್ಮೆ ನೋಡಿದಳು. “ಅದನ್ನೂ ಆವಾಗನ ಕೇಳಬೇಕಿತ್ತಪಾ” ಅಂದಳು. “ಈಗ ಬೆಲ್ಲಾ ಒಳಗ ಹೋತು. ನಾಳಿ ಮುಂಜಾನಿ ಮಟಾ ಇನ್ನ ಅದರಿಂದ ಏನೂ ಹೊರಡಂಗಿಲ್ಲ.”